ಮಕ್ಕಳಿರುವ ಮನೆಗೆ ನಾಯಿ: ಆರಿಸುವುದು ಹೇಗೆ, ಹುಡುಕುವುದು ಎಲ್ಲಿ

ನಾಯಿ ತರೋಣ ಎಂದು ಮನೆಯವರೆಲ್ಲ ಒಪ್ಪಿದ ಕೂಡಲೇ ಹುಟ್ಟುವ ಪ್ರಶ್ನೆ ಒಂದೇ: ಯಾವ ತಳಿ ಒಳ್ಳೆಯದು? ಪ್ರಶ್ನೆ ತಪ್ಪಲ್ಲ, ಆದರೆ ಅದರ ಸರದಿ ಮೂರನೆಯದು. ಮನೆಯ ದಿನಚರಿ ಮೊದಲು, ನಾಯಿಯ ವಯಸ್ಸು ಆಮೇಲೆ, ತಳಿ ಅದಾದ ಮೇಲೆ. ಈ ಮೂರಕ್ಕಿಂತಲೂ ಹೆಚ್ಚು ತೂಕವಿರುವುದು ನಿಮ್ಮೆದುರು ನಿಂತಿರುವ ಆ ಒಂದು ನಾಯಿಯ ಸ್ವಭಾವಕ್ಕೆ.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. 18 ಸಾವಿರಕ್ಕೂ ಹೆಚ್ಚು ನಾಯಿಗಳ ವರ್ತನೆಯ ಬಗ್ಗೆ ಸಾಕಿದವರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಜೊತೆ ತಾಳೆ ಹಾಕಿದ್ದರು. ನಾಯಿಯಿಂದ ನಾಯಿಗೆ ಕಾಣುವ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ. 9ರಷ್ಟು ಮಾತ್ರ ಎಂದು ಗೊತ್ತಾಯಿತು. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪ್ರಭಾವ ಸ್ವಲ್ಪ ಕಾಣಿಸಿತು. ಹೆದರಿದಾಗ ಅಥವಾ ಕಿರಿಕಿರಿಯಾದಾಗ ನಾಯಿ ಎಷ್ಟು ಬೇಗ ಕೆರಳುತ್ತದೆ ಎಂಬುದನ್ನು ತಳಿ ನೋಡಿ ಊಹಿಸಲು ಬಹುಮಟ್ಟಿಗೆ ಆಗಲೇ ಇಲ್ಲ. ಮಕ್ಕಳಿರುವ ಮನೆಗೆ ಬೇಕಾದದ್ದು ಇದೇ ಗುಣದ ಖಾತರಿ. ಮಕ್ಕಳನ್ನು ಕಂಡರಾಗದ ಲ್ಯಾಬ್ರಡಾರ್ ಇರುತ್ತದೆ, ಮಗು ಮೈಮೇಲೆ ಎಡವಿ ಬಿದ್ದರೂ ಎದ್ದು ಪಕ್ಕಕ್ಕೆ ಹೋಗಿ ಮಲಗುವ ಮಿಶ್ರತಳಿ ನಾಯಿಯೂ ಇರುತ್ತದೆ.

ಆದ್ದರಿಂದ ಕೆಳಗಿನ ಹಂತಗಳಲ್ಲಿ ತಳಿಯ ಭಾಗ ಚಿಕ್ಕದಿದೆ, ನಾಯಿಯನ್ನು ಎದುರು ಕೂರಿಸಿಕೊಂಡು ನೋಡುವ ಭಾಗ ದೊಡ್ಡದಿದೆ.

ಹಂತ 1: ಮನೆಯ ಲೆಕ್ಕ

ಹುಡುಕಾಟ ಶುರು ಮಾಡುವ ಮೊದಲು ಒಂದು ವಾರ ತಾಲೀಮು ಮಾಡಿ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ನಾಯಿ ಇದೆ ಎಂದುಕೊಂಡೇ ಮನೆಯಿಂದ ಹೊರಟು ನಡೆದು ಬನ್ನಿ. ಏಳು ದಿನವೂ ಯಾರು ಹೊರಟರು, ಯಾರು ನೆಪ ಹೇಳಿದರು ಎಂದು ಬರೆದಿಡಿ. ಆ ಪಟ್ಟಿಯಲ್ಲಿ ಹೆಚ್ಚು ಬಾರಿ ಬಂದ ಹೆಸರು ಯಾರದೋ ನಾಯಿ ಅವರದು. ‘ನಾನೇ ನೋಡಿಕೊಳ್ತೀನಿ’ ಎಂದು ಮಗು ಎಷ್ಟೇ ಆಣೆ ಮಾಡಿದರೂ ಊಟ, ಔಷಧಿ, ನಡಿಗೆಯ ಹೊಣೆ ವಯಸ್ಕರೊಬ್ಬರ ಮೇಲೇ ಇರಬೇಕು. 25 ಕೆಜಿ ತೂಕದ ಮಗು 30 ಕೆಜಿಯ ನಾಯಿಯನ್ನು ಬೀದಿಯಲ್ಲಿ ಹಿಡಿದು ನಿಲ್ಲಿಸಲಾರದು.

ಇನ್ನು ಒಂಟಿತನದ ಲೆಕ್ಕ. ವಯಸ್ಸಿಗೆ ಬಂದ ನಾಯಿ ಅಭ್ಯಾಸವಾದ ಮೇಲೆ ನಾಲ್ಕರಿಂದ ಆರು ಗಂಟೆ ಒಂಟಿಯಾಗಿ ಇದ್ದೀತು. ಮರಿಗೆ ಎಷ್ಟು ತಿಂಗಳೋ ಹೆಚ್ಚೆಂದರೆ ಅಷ್ಟು ಗಂಟೆ ಮೂತ್ರ ತಡೆಯುವ ಶಕ್ತಿ. ಎರಡು ತಿಂಗಳ ಮರಿಯನ್ನು ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಹೊರಗೆ ಒಯ್ಯಬೇಕು, ರಾತ್ರಿಯೂ ಒಂದೆರಡು ಸಲ ಏಳಬೇಕು. ಮನೆಯವರೆಲ್ಲ ದಿನಕ್ಕೆ ಒಂಬತ್ತು ಗಂಟೆ ಹೊರಗಿರುವುದಾದರೆ ಮರಿಯ ಯೋಚನೆ ಬಿಡುವುದೇ ಸರಿ.

ಅಲರ್ಜಿಯ ವಿಷಯದಲ್ಲಿ ಮಾರುವವರ ಮಾತು ನಂಬಬೇಡಿ. ಕೂದಲು ಉದುರದ ನಾಯಿಯಿಂದ ಅಲರ್ಜಿ ಬರುವುದಿಲ್ಲ ಎನ್ನುತ್ತಾರೆ. ಅಲರ್ಜಿ ತರುವ ಪ್ರೋಟೀನುಗಳು ಇರುವುದು ಜೊಲ್ಲಿನಲ್ಲಿ ಮತ್ತು ಚರ್ಮದ ಹೊಟ್ಟಿನಲ್ಲಿ, ಅವು ಎಲ್ಲ ತಳಿಗಳಲ್ಲೂ ಇವೆ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ನೀವು ಆರಿಸಿದ ನಾಯಿಯ ಜೊತೆಗೇ, ಬೇರೆ ಬೇರೆ ದಿನ, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಕೂತು ನೋಡಲಿ. ಅಪ್ಪಿಕೊಂಡ ನಾಯಿಯನ್ನು ತಿಂಗಳೊಳಗೆ ವಾಪಸು ಕೊಡುವಾಗ ಮಕ್ಕಳು ಅಳುವುದನ್ನು ನೋಡುವುದಕ್ಕಿಂತ ಈ ನಾಲ್ಕು ಭೇಟಿ ಸುಲಭ.

ಬಾಡಿಗೆ ಮನೆಯಾದರೆ ಒಪ್ಪಿಗೆ ಬರವಣಿಗೆಯಲ್ಲಿರಲಿ. ಆಯಸ್ಸಿನ ಲೆಕ್ಕವನ್ನೂ ಮನಸ್ಸಿನಲ್ಲಿಡಿ: ಸಣ್ಣ ನಾಯಿಗಳು ಸಾಮಾನ್ಯವಾಗಿ 12ರಿಂದ 15 ವರ್ಷ, ದೊಡ್ಡವು 10ರಿಂದ 12, ಗ್ರೇಟ್ ಡೇನ್‌ನಂಥ ದೈತ್ಯ ತಳಿಗಳು 7ರಿಂದ 10. ಇಂದು ಎಂಟು ವರ್ಷದ ಮಗು ಓದಲು ಮನೆ ಬಿಟ್ಟು ಹೊರಟ ಮೇಲೂ ನಾಯಿ ನಿಮ್ಮ ಬಾಗಿಲಲ್ಲೇ ಇರುತ್ತದೆ.

ಹಂತ 2: ಮರಿಯೋ, ದೊಡ್ಡ ನಾಯಿಯೋ

ಮರಿಯಿಂದಲೇ ಬೆಳೆಸಿದರೆ ಹೇಳಿದ ಹಾಗೆ ಕೇಳುತ್ತದೆ, ಮಕ್ಕಳಿಗೆ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆರು ವರ್ಷದೊಳಗಿನ ಮಗುವಿದ್ದು, ಹಿಂದೆ ನಾಯಿ ಸಾಕಿದ ಅನುಭವ ಇಲ್ಲದಿದ್ದರೆ ನಮ್ಮ ಸಲಹೆ ಇದಕ್ಕೆ ಪೂರಾ ವಿರುದ್ಧ: ಎರಡರಿಂದ ಐದು ವರ್ಷದ, ಈಗಾಗಲೇ ಮಕ್ಕಳ ಜೊತೆ ಬದುಕಿರುವ ನಾಯಿಯನ್ನು ಹುಡುಕಿ. ಎರಡು ವರ್ಷದ ಹೊತ್ತಿಗೆ ನಾಯಿಯ ಗಾತ್ರ, ಚುರುಕು, ಸ್ವಭಾವ ಬಹುಪಾಲು ಒಂದು ನೆಲೆಗೆ ಬಂದಿರುತ್ತವೆ. ನೀವು ನೋಡುವುದೇ ನಿಮಗೆ ಸಿಗುತ್ತದೆ. ಮರಿಯಲ್ಲಿ ನೀವು ನೋಡುವುದು ಬರೀ ಸಾಧ್ಯತೆ. ಏಳೆಂಟು ವಾರದ ಮರಿಗಳ ಮೇಲೆ ಮಾಡುವ ಸ್ವಭಾವ ಪರೀಕ್ಷೆಗಳು ಅವು ದೊಡ್ಡವಾದ ಮೇಲೆ ಹೇಗಿರುತ್ತವೆ ಎಂದು ಹೇಳುವಲ್ಲಿ ಸೋಲುವುದೇ ಹೆಚ್ಚು.

ಅಲ್ಲದೆ ಮರಿ ಕಚ್ಚುತ್ತದೆ. ಅದಕ್ಕೆ ಸೂಜಿಯಂಥ 28 ಹಾಲುಹಲ್ಲು ಇರುತ್ತವೆ. ಮೂರರಿಂದ ಆರು ತಿಂಗಳವರೆಗೆ ಅವು ಬಿದ್ದು 42 ಹಲ್ಲು ಬರುವ ತನಕ ಕೈ, ಕಾಲು, ಲಂಗದ ಅಂಚು ಯಾವುದನ್ನೂ ಬಿಡುವುದಿಲ್ಲ. ಮಗು ಕಿರುಚಿ ಓಡುತ್ತದೆ, ಮರಿಗೆ ಅದೇ ಆಟದ ಕರೆ, ಇನ್ನೂ ಜೋರಾಗಿ ಹಿಡಿಯುತ್ತದೆ. ಇದು ಕೆಟ್ಟ ಬುದ್ಧಿಯಲ್ಲ, ಎಲ್ಲ ಮರಿಗಳೂ ಹೀಗೇ. ಮಧ್ಯೆ ಬರಲು ಒಬ್ಬರು ಸದಾ ಇರಬೇಕು ಅಷ್ಟೆ.

ಮರಿಯೇ ಬೇಕೆಂದರೆ ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಿ ತರಬೇಡಿ. ಎಷ್ಟು ಬಿಗಿಯಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಹತ್ತಿರ. ಐದನೇ ವಾರಕ್ಕೇ ತಂದ ಮರಿಗೆ ಆ ಪಾಠವನ್ನು ನಿಮ್ಮ ಮಗುವಿನ ಕೈ ಕಲಿಸಬೇಕಾಗುತ್ತದೆ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿ ಜಗತ್ತನ್ನು ಒಪ್ಪಿಕೊಳ್ಳುವ ಕಾಲ. ಆಗ ನಾನಾ ಬಗೆಯ ಜನ, ಮಕ್ಕಳು, ಮಿಕ್ಸಿಯ ಸದ್ದು, ವಾಹನ, ಬೇರೆ ಪ್ರಾಣಿಗಳನ್ನು ಹೆದರಿಕೆಯಿಲ್ಲದೆ ಕಂಡ ಮರಿ ಮುಂದೆ ಧೈರ್ಯವಾಗಿರುತ್ತದೆ. ಈ ಕಾಲವನ್ನು ಪಂಜರದಲ್ಲೋ ಶೆಡ್ಡಿನಲ್ಲೋ ಕಳೆದ ಮರಿಯನ್ನು ಸರಿಪಡಿಸಲು ವರ್ಷಗಳೇ ಬೇಕಾಗಬಹುದು.

ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನದು ಹರೆಯ. ಕಲಿತದ್ದೆಲ್ಲ ಮರೆತಂತೆ ಆಡುತ್ತದೆ, ಮೈಯಲ್ಲಿ ಬಲ ಬಂದಿರುತ್ತದೆ, ತಾಳ್ಮೆ ಬಂದಿರುವುದಿಲ್ಲ. ಜನ ಬೇಸತ್ತು ಬಿಟ್ಟುಕೊಡುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಆಟವಾಡಲು ಹರೆಯದ ಮಕ್ಕಳಿರುವ, ಓಡಾಟದ ಮನೆಗೆ ಇಂಥ ನಾಯಿ ಚೆನ್ನಾಗಿ ಒಗ್ಗುತ್ತದೆ.

ಒಂದಕ್ಕೊಂದು ಜೊತೆಯಾಗಲಿ ಎಂದು ಒಂದೇ ಸೂಲಿನ ಎರಡು ಮರಿ ತರುವುದು ಬೇಡ. ಅವು ಪರಸ್ಪರ ಅಂಟಿಕೊಂಡು ಮನುಷ್ಯರ ಮಾತಿಗೆ ಕಿವಿಗೊಡುವುದಿಲ್ಲ, ದೊಡ್ಡವಾದ ಮೇಲೆ ತಮ್ಮತಮ್ಮಲ್ಲೇ ಕಚ್ಚಾಡುವುದೂ ಉಂಟು.

ಹಂತ 3: ತಳಿಯನ್ನು ಕಸುಬಾಗಿ ನೋಡಿ

ತಳಿಯ ಹೆಸರು ಕೇಳಿದಾಗ ಅದನ್ನು ಯಾವ ಕೆಲಸಕ್ಕೆ ಬೆಳೆಸಿದ್ದರು ಎಂದು ಕೇಳಿಕೊಳ್ಳಿ. ಸ್ವಭಾವದ ಖಾತರಿ ಸಿಗದಿದ್ದರೂ ಮನೆಯಲ್ಲಿ ಎಂಥ ತಲೆನೋವು ಬಂದೀತು ಎಂಬ ಅಂದಾಜು ಸಿಗುತ್ತದೆ.

ಬಾರ್ಡರ್ ಕೋಲಿಯಂಥ ಕುರಿ ಕಾಯುವ ತಳಿಗಳು ಓಡುವ ಮಕ್ಕಳನ್ನು ಅಟ್ಟಿ ಒಟ್ಟುಗೂಡಿಸಲು ನೋಡುತ್ತವೆ, ಹಿಮ್ಮಡಿಗೆ ಬಾಯಿ ಹಾಕುತ್ತವೆ. ಬೀಗಲ್ ಸೌಮ್ಯ, 9ರಿಂದ 11 ಕೆಜಿಯ ಹದವಾದ ಗಾತ್ರ, ಆದರೆ ಮೂಗಿಗೆ ವಾಸನೆ ಸಿಕ್ಕರೆ ಕೂಗಿದ್ದು ಕೇಳಿಸುವುದಿಲ್ಲ, ಒಂಟಿಯಾದರೆ ಊಳಿಡುತ್ತದೆ. ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಬೇಟೆಯನ್ನು ಬಾಯಲ್ಲಿ ಕಚ್ಚಿ ತರುವ ನಾಯಿಗಳು. ಚಪ್ಪಲಿ, ಆಟಿಕೆ, ಕೈ ಎಲ್ಲವನ್ನೂ ಬಾಯಲ್ಲಿ ಹಿಡಿಯುತ್ತವೆ. ಮೊದಲ ಎರಡು ವರ್ಷ ಅವುಗಳ ಬಾಲದ ಹೊಡೆತಕ್ಕೆ ಎರಡು ವರ್ಷದ ಮಗು ನೆಲಕ್ಕುರುಳುವುದು ಮಾಮೂಲು. ಲ್ಯಾಬ್ರಡಾರುಗಳ ಪೈಕಿ ಹಲವಕ್ಕೆ ಹೊಟ್ಟೆ ತುಂಬಿದ ಸೂಚನೆ ಮೆದುಳಿಗೆ ಸರಿಯಾಗಿ ಮುಟ್ಟದ ಜೀನ್ ದೋಷವಿದೆ, ಮಕ್ಕಳು ತಟ್ಟೆಯಿಂದ ತುತ್ತು ಕೊಡುತ್ತಾ ಹೋದರೆ ವರ್ಷದಲ್ಲಿ ಮೈ ಬಂದು ಕೀಲು ಸೋಲುತ್ತವೆ. ಕಾವಲಿಗೆಂದು ಬೆಳೆಸಿದ ತಳಿಗಳು ಮನೆಯ ಮಕ್ಕಳ ಜೊತೆ ಚೆನ್ನಾಗಿದ್ದರೂ ಆಟಕ್ಕೆ ಬಂದ ಪಕ್ಕದ ಮನೆಯ ಮಕ್ಕಳನ್ನು ಅನುಮಾನದಿಂದ ನೋಡಬಹುದು. ಮನೆಗೆ ಸದಾ ಗೆಳೆಯರು ಬರುವುದಾದರೆ ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಅಂಗೈಯಗಲದ ಪುಟ್ಟ ತಳಿಗಳು ಚಿಕ್ಕ ಮಕ್ಕಳಿಗೆ ಒಪ್ಪುತ್ತವೆ ಎಂದು ತೋರುತ್ತದೆ. ಚಿಹುವಾಹುವಾ, ಪೊಮೆರೇನಿಯನ್‌ಗಳ ಮುಂಗಾಲಿನ ಮೂಳೆ ಪೆನ್ಸಿಲಿನಷ್ಟು ಸಣ್ಣ. ಮಗುವಿನ ಕೈಯಿಂದ ಜಾರಿ ಬಿದ್ದರೆ ಮುರಿಯುತ್ತದೆ. ಒಮ್ಮೆ ನೋವಾದ ನಾಯಿ ಮುಂದೆ ಮಗುವಿನ ಕೈ ಕಂಡರೇ ಹಲ್ಲು ತೋರಿಸುತ್ತದೆ. ಪಗ್, ಫ್ರೆಂಚ್ ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯವು ಮಕ್ಕಳೊಡನೆ ಒಗ್ಗುವುದೇನೋ ನಿಜ, ಆದರೆ ಅವುಗಳಲ್ಲಿ ಅನೇಕಕ್ಕೆ ಉಸಿರಾಡುವುದೇ ದುಡಿಮೆ. ಸುಮ್ಮನೆ ಕೂತಾಗಲೂ ಗೊರಗೊರ ಸದ್ದು ಬರುವ ನಾಯಿಯನ್ನು ಮುದ್ದಾಗಿದೆ ಎಂದು ಆರಿಸಬೇಡಿ, ಅದು ಗಾಳಿಗಾಗಿ ಒದ್ದಾಡುತ್ತಿದೆ. ಸೆಕೆಯಲ್ಲಿ ಜೀವಕ್ಕೇ ಅಪಾಯ. ಡ್ಯಾಷ್‌ಹೌಂಡ್‌ಗೆ ಬೆನ್ನುಹುರಿಯ ಡಿಸ್ಕ್ ಜಾರುವ ರೋಗ, ಕ್ಯಾವಲಿಯರ್ ಸ್ಪೇನಿಯಲ್‌ಗೆ ಹೃದಯದ ಕವಾಟದ ರೋಗ, ಜರ್ಮನ್ ಶೆಫರ್ಡ್‌ಗೆ ಸೊಂಟದ ಕೀಲಿನ ದೋಷ ಹೆಚ್ಚಾಗಿ ಕಾಡುತ್ತವೆ. ಹಸ್ಕಿಗೆ ತಂಪು ಹವೆ ಮತ್ತು ಮೈಲುಗಟ್ಟಲೆ ಓಟ ಎರಡೂ ಬೇಕು.

ಹತ್ತರಿಂದ ಇಪ್ಪತ್ತೈದು ಕೆಜಿಯ ಮಧ್ಯಮ ಗಾತ್ರದ, ನೇರ ಮೂತಿಯ, ಗಿಡ್ಡ ಕೂದಲಿನ ಮಿಶ್ರತಳಿ ನಾಯಿ ಹೆಚ್ಚಿನ ಮನೆಗಳಿಗೆ ಸಾಕು. ಮಗು ಎತ್ತಿ ಬೀಳಿಸಲಾರದಷ್ಟು ದೊಡ್ಡದು, ದೊಡ್ಡವರು ಎತ್ತಿಕೊಂಡು ಆಸ್ಪತ್ರೆಗೆ ಓಡುವಷ್ಟು ಚಿಕ್ಕದು.

ಹಂತ 4: ಎಲ್ಲಿ ಹುಡುಕುವುದು

ಮೊದಲು ನೋಡಬೇಕಾದ್ದು, ನಾಯಿಗಳನ್ನು ಸ್ವಯಂಸೇವಕರ ಮನೆಗಳಲ್ಲಿ ತಾತ್ಕಾಲಿಕವಾಗಿ ಇಟ್ಟು ಸಾಕುವ ರಕ್ಷಣಾ ತಂಡಗಳನ್ನು. ಆ ನಾಯಿ ಕುಕ್ಕರ್ ಸದ್ದಿಗೆ ಏನು ಮಾಡುತ್ತದೆ, ಮಗು ಪಕ್ಕದಲ್ಲಿ ಓಡಿದರೆ ಹೇಗಿರುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ಒಂಟಿಯಾಗಿ ಬಿಟ್ಟರೆ ಬೊಗಳುತ್ತದೆಯೇ ಎಂಬುದೆಲ್ಲ ಇಟ್ಟುಕೊಂಡವರಿಗೆ ಗೊತ್ತಿರುತ್ತದೆ. ಇಷ್ಟು ಬೆಲೆಬಾಳುವ ಮಾಹಿತಿ ಬೇರೆಲ್ಲೂ ಸಿಗದು.

ಆಶ್ರಯಧಾಮಗಳಲ್ಲಿ ಆಯ್ಕೆ ಹೆಚ್ಚು. ಕೇಳಬೇಕಾದ ಪ್ರಶ್ನೆಗಳಿವು: ನಾಯಿ ಇಲ್ಲಿಗೆ ಬಂದದ್ದು ಹೇಗೆ? ಹಿಂದಿನ ಮನೆಯಲ್ಲಿ ಮಕ್ಕಳಿದ್ದರೇ, ಎಷ್ಟು ವಯಸ್ಸಿನವರು? ಯಾರನ್ನಾದರೂ ಕಚ್ಚಿದೆಯೇ, ಯಾವ ಸಂದರ್ಭದಲ್ಲಿ? ದತ್ತು ಕೊಟ್ಟ ಮೇಲೆ ಹೊಂದಿಕೆಯಾಗದಿದ್ದರೆ ವಾಪಸು ತೆಗೆದುಕೊಳ್ಳುತ್ತೀರಾ? ‘ಎಲ್ಲ ಮಕ್ಕಳಿಗೂ ಆಗಿಬರುತ್ತದೆ’ ಎಂದು ನೋಡದೆಯೇ ಹೇಳುವವರಿಗಿಂತ ‘ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ನಾಯಿ ಕೊಡುವುದಿಲ್ಲ’ ಎನ್ನುವವರನ್ನು ಹೆಚ್ಚು ನಂಬಿ. ಕೆಲವು ಕಡೆ ಒಂದೆರಡು ವಾರ ಮನೆಯಲ್ಲಿಟ್ಟು ನೋಡುವ ಅವಕಾಶವೂ ಇರುತ್ತದೆ, ಕೇಳಿ ನೋಡಿ.

ಊರು ಬಿಡುವವರು, ಕಾಯಿಲೆಯಾದವರು ತಾವು ಸಾಕಿದ ನಾಯಿಗೆ ಮನೆ ಹುಡುಕುತ್ತಿರುತ್ತಾರೆ. ಹತ್ತಿರದ ಪಶುವೈದ್ಯರಿಗೂ ನಾಯಿ ತರಬೇತುದಾರರಿಗೂ ಹೇಳಿಟ್ಟರೆ ಇಂಥ ಸುದ್ದಿ ಬರುತ್ತದೆ. ಅವರ ಮನೆಗೇ ಹೋಗಿ ನೋಡಿ, ಚಿಕಿತ್ಸೆಯ ದಾಖಲೆ ಪೂರ್ತಿ ಕೇಳಿ ಪಡೆಯಿರಿ. ಅಂಗವಿಕಲರಿಗೆ ನೆರವಾಗುವ ಸೇವಾ ನಾಯಿಯ ತರಬೇತಿಯಲ್ಲಿ ತೇರ್ಗಡೆಯಾಗದೆ ಹೊರಬಂದ ನಾಯಿಗಳೂ ಸಿಗುವುದುಂಟು. ಅಳಿಲು ಕಂಡರೆ ಗಮನ ಹರಿಯುತ್ತದೆ ಎಂಬಂಥ ಕಾರಣಕ್ಕೆ ಕೈಬಿಟ್ಟ ಇವು ಮನೆಗೆ ಬಂಗಾರ, ಆದರೆ ಕಾಯುವವರ ಸಾಲು ಉದ್ದ.

ತಳಿಯ ಮರಿಯೇ ಬೇಕೆಂದರೆ ತಳಿ ಬೆಳೆಸಿ ಮಾರುವ ಬ್ರೀಡರ್ ಬಳಿ ಹೋಗಬೇಕು, ಹಾಗೂ ಅಲ್ಲಿ ಕಣ್ಣು ತೆರೆದಿರಬೇಕು. ತಾಯಿ ಮರಿಗಳ ಜೊತೆಗೇ ಇದ್ದು, ನೀವು ಒಳಗೆ ಬಂದಾಗ ನಿರಾಳವಾಗಿ ಬಂದು ಮೂಸಬೇಕು. ಹೆದರಿ ಮೂಲೆ ಸೇರಿದ ಅಥವಾ ಗುರುಗುಟ್ಟುವ ತಾಯಿಯ ಮರಿಯನ್ನು ಎಷ್ಟೇ ಮುದ್ದಾಗಿದ್ದರೂ ಬಿಟ್ಟು ಬನ್ನಿ: ಹೆದರಿಕೆ ರಕ್ತದಲ್ಲೂ ಬರುತ್ತದೆ, ತಾಯಿಯನ್ನು ನೋಡಿ ಕಲಿಯುವುದರಿಂದಲೂ ಬರುತ್ತದೆ. ಮರಿಗಳು ಮನೆಯೊಳಗೆ, ಜನರ ನಡುವೆ ಬೆಳೆದಿರಬೇಕು. ದೊಡ್ಡ ತಳಿಯಾದರೆ ಎರಡೂ ಹೆತ್ತವರ ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್‌ರೇ ವರದಿ ಕೇಳಿ. ನಾಯಿಗಳ ಕೀಲು ತಪಾಸಣೆಗೆ ದರ್ಜೆ ಕೊಡುವ ಅಮೆರಿಕದ ಒಎಫ್ಎ ಸಂಸ್ಥೆ ಸೊಂಟದ ಅಂತಿಮ ದರ್ಜೆ ಕೊಡುವುದು 24 ತಿಂಗಳು ತುಂಬಿದ ಮೇಲೆ. ಆದ್ದರಿಂದ ಒಂದೇ ವರ್ಷ ವಯಸ್ಸಿನ ತಾಯಿಗೆ ಅಂಥ ಪ್ರಮಾಣಪತ್ರವಿದೆ ಎಂದರೆ ಮಾತು ಹೊಂದುವುದಿಲ್ಲ. ‘ಡಾಕ್ಟರು ನೋಡಿ ಸರಿಯಿದೆ ಅಂದರು’ ಎಂಬುದು ವರದಿಯಲ್ಲ. ಒಳ್ಳೆಯ ಬ್ರೀಡರ್ ನಿಮ್ಮನ್ನೇ ಪ್ರಶ್ನೆಗಳಿಂದ ಸುಸ್ತು ಮಾಡುತ್ತಾರೆ, ಯಾವ ವಯಸ್ಸಿನಲ್ಲಾದರೂ ನಾಯಿಯನ್ನು ತಮಗೇ ಮರಳಿಸಬೇಕು ಎಂದು ಬರೆಸಿಕೊಳ್ಳುತ್ತಾರೆ, ಹೆಚ್ಚಿನ ವೇಳೆ ಕೆಲವು ತಿಂಗಳು ಕಾಯಿಸುತ್ತಾರೆ.

ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಅಂಗಡಿ, ಹತ್ತಾರು ತಳಿಯ ಮರಿ ಸದಾ ಸಿದ್ಧವಿರುವ ಜಾಲತಾಣ, ‘ತಾಯಿ ಬೇರೆ ಕಡೆ ಇದೆ, ಮರಿಯನ್ನು ದಾರಿಯಲ್ಲಿ ತಂದುಕೊಡುತ್ತೇವೆ’ ಎನ್ನುವವರು, ಇವರಿಂದ ದೂರವಿರಿ. ಆ ಮರಿಗಳ ಹಿಂದೆ ಪಂಜರದಲ್ಲಿ ಸೂಲಿನ ಮೇಲೆ ಸೂಲು ಹೆರುತ್ತಿರುವ ತಾಯಿಯೊಂದಿರುತ್ತದೆ. ಮರುಕಪಟ್ಟು ಒಂದನ್ನು ಬಿಡಿಸಿ ತಂದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಪಾರ್ವೋ ವೈರಸ್ ಮೈಸೇರಿ ರೋಗ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಅಂಗಡಿಯಲ್ಲಿ ಕುಣಿಯುತ್ತಿದ್ದ ಮರಿ ಮನೆಗೆ ಬಂದ ನಾಲ್ಕನೇ ದಿನ ವಾಂತಿ, ರಕ್ತಭೇದಿ ಶುರುಮಾಡುವುದು ಹೀಗೆ. ಮುಂಗಡ ಹಣ ಕಳಿಸಿದ ಮೇಲೆ ‘ಸಾಗಣೆ ವಿಮೆ’, ‘ವಿಶೇಷ ಪಂಜರ’ ಎಂದು ಮತ್ತೆ ಮತ್ತೆ ಕೇಳಿದರೆ ಅಲ್ಲಿ ಮರಿಯೇ ಇಲ್ಲ. ನೇರ ವಿಡಿಯೊ ಕರೆಯಲ್ಲಿ ತಾಯಿ ಮರಿ ಎರಡನ್ನೂ ತೋರಿಸಿ ಎಂದು ಕೇಳಿ, ಫೋಟೊವನ್ನು ಅಂತರ್ಜಾಲದಲ್ಲಿ ಚಿತ್ರಶೋಧ ಮಾಡಿ ನೋಡಿ.

ಹಂತ 5: ಎದುರು ಕೂತು ನೋಡುವುದು

ಬೇರೆ ಬೇರೆ ದಿನ ಕನಿಷ್ಠ ಎರಡು ಭೇಟಿ ಇರಲಿ. ಮೊದಲನೆಯದಕ್ಕೆ ದೊಡ್ಡವರು ಮಾತ್ರ ಹೋಗಿ. ಮಕ್ಕಳು ಜೊತೆಗಿದ್ದರೆ ಮೊದಲು ಓಡಿಬಂದ ನಾಯಿಯೇ ಮನೆಗೆ ಬಂದುಬಿಡುತ್ತದೆ.

ಪಂಜರದೊಳಗಿನ ನಾಯಿಯನ್ನು ಅಲ್ಲೇ ನೋಡಿ ತೀರ್ಮಾನಿಸಬೇಡಿ. ಕಂಬಿಗೆ ಹಾರಿ ಬೊಗಳುವ ನಾಯಿ ಹೊರಗೆ ಬಂದು ಮೂತ್ರ ಮಾಡಿ ನೆಲ ಮೂಸಿದ ಹತ್ತು ನಿಮಿಷಕ್ಕೆ ಬೇರೆಯದೇ ಆಗಿರುತ್ತದೆ. ಮೂಲೆಯಲ್ಲಿ ತಣ್ಣಗೆ ಕೂತದ್ದನ್ನು ಕಂಡು ‘ಎಷ್ಟು ಸಾಧು’ ಎಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ನಿಜವಾಗಿ ನಿರಾಳವಾಗಿರುವ ನಾಯಿಯ ಮೈ ಸಡಿಲ, ಬಾಯಿ ಅರೆತೆರೆದಿರುತ್ತದೆ, ರುಚಿಯಾದ ತುಂಡು ಕೊಟ್ಟರೆ ತಿನ್ನುತ್ತದೆ. ಭಯದಿಂದ ಮರಗಟ್ಟಿದ ನಾಯಿ ಗೋಡೆ ನೋಡುತ್ತದೆ, ಮೂಗಿನ ಮುಂದಿಟ್ಟ ಮಾಂಸವನ್ನೂ ಮುಟ್ಟುವುದಿಲ್ಲ. ಅದರ ನಿಜ ಸ್ವಭಾವ ಹೊರಬರುವುದು ವಾರಗಳ ನಂತರ. ಆದ್ದರಿಂದ ನಾಯಿಯನ್ನು ಶಾಂತ ಜಾಗಕ್ಕೆ ತಂದು ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಆಮೇಲೆ ಶುರುಮಾಡಿ.

ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ, ಕರೆಯಬೇಡಿ. ಒಂದೆರಡು ನಿಮಿಷದಲ್ಲಿ ತಾನಾಗಿ ಹತ್ತಿರ ಬರುತ್ತದೆಯೇ? ಬಂದರೆ ಎದೆಯ ಮೇಲೋ ಹೆಗಲ ಮೇಲೋ ಮೂರು ಸೆಕೆಂಡು ಸವರಿ ಕೈ ತೆಗೆಯಿರಿ. ಇನ್ನೂ ಒತ್ತಿಕೊಂಡು ಬಂತೆಂದರೆ ಬೇಕು ಎಂದರ್ಥ. ಮುಖ ತಿರುಗಿಸಿತು, ನಾಲಿಗೆಯಿಂದ ತುಟಿ ನೆಕ್ಕಿಕೊಂಡಿತು, ಒದ್ದೆಯಾದಂತೆ ಮೈ ಕೊಡವಿ ದೂರ ಹೋಯಿತು ಎಂದರೆ ಬೇಡ ಎಂದರ್ಥ. ಮನುಷ್ಯರ ಸ್ಪರ್ಶವನ್ನು ತಾನೇ ಕೇಳಿ ಪಡೆಯುವ ನಾಯಿ ಮಕ್ಕಳಿರುವ ಮನೆಗೆ ಸರಿಯಾದದ್ದು. ಸಹಿಸಿಕೊಳ್ಳುವ ನಾಯಿಯ ಸಹನೆಗೆ ಒಂದು ಕೊನೆ ಇರುತ್ತದೆ.

ಆಮೇಲೆ ಕಿವಿ, ಪಾದ, ಬಾಲದ ಬುಡ ಮೆಲ್ಲಗೆ ಮುಟ್ಟಿ. ಕೊರಳಪಟ್ಟಿ ಹಿಡಿಯಿರಿ. ಯಾವ ಜಾಗದಲ್ಲಾದರೂ ಮೈ ಸೆಟೆದು ಉಸಿರು ಹಿಡಿದರೆ ಅಲ್ಲಿಗೇ ನಿಲ್ಲಿಸಿ. ಅದು ನೋವಿನಿಂದಲೂ ಇರಬಹುದು, ವೈದ್ಯರಿಗೆ ಹೇಳಬೇಕಾದ ವಿಷಯ.

ಈಗ ಅತಿ ಮುಖ್ಯವಾದ ಪರೀಕ್ಷೆ. ನಾಯಿಯಿಂದ ಎರಡು ಮೂರು ಮೀಟರ್ ದೂರದಲ್ಲಿ ಬೀಗದಕೈ ಗೊಂಚಲನ್ನು ಕೈಜಾರಿದಂತೆ ನೆಲಕ್ಕೆ ಬೀಳಿಸಿ. ಅದರ ಕಡೆಗೆ ಎಸೆಯಬಾರದು. ಬೆಚ್ಚಿಬೀಳುವುದು ಸಹಜ, ಬೆಚ್ಚಿದ್ದಕ್ಕೆ ಅಂಕ ಕಳೆಯಬೇಡಿ. ನೋಡಬೇಕಾದ್ದು ಚೇತರಿಕೆಯ ವೇಗ. ಕೆಲವೇ ಸೆಕೆಂಡಿನಲ್ಲಿ ಕಿವಿ ನಿಮಿರಿಸಿ, ಕತ್ತು ಚಾಚಿ ಗೊಂಚಲನ್ನು ಮೂಸಲು ಬಂದರೆ ಮಕ್ಕಳ ಗದ್ದಲ ಅದಕ್ಕೆ ಭಾರವಾಗದು. ಒಂದು ನಿಮಿಷವಾದರೂ ಬೆಂಚಿನ ಕೆಳಗಿಂದ ಹೊರಬಾರದಿದ್ದರೆ ಅದಕ್ಕೆ ಸದ್ದಿಲ್ಲದ ಮನೆ ಬೇಕು. ಸದ್ದಿನ ಕಡೆಗೋ ನಿಮ್ಮ ಕಡೆಗೋ ಬೊಗಳುತ್ತಾ ನುಗ್ಗಿದರೆ ನಿಮ್ಮ ಮನೆಗೆ ಬೇಡ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಏನಾದರೊಂದು ಬೀಳುತ್ತದೆ.

ಊಟದ ಬಟ್ಟಲಿಗೆ ಕೈ ಹಾಕಿ ಪರೀಕ್ಷಿಸುವ ಹಳೆಯ ಪದ್ಧತಿ ಬೇಡ, ಅದು ಇಲ್ಲದ ಅನುಮಾನವನ್ನು ನಾಯಿಯಲ್ಲಿ ಹುಟ್ಟಿಸುತ್ತದೆ. ತಿನ್ನುವಾಗ ಎರಡು ಮೀಟರ್ ದೂರದಲ್ಲಿ ಹಾದುಹೋಗಿ ಇನ್ನೂ ರುಚಿಯಾದದ್ದೊಂದನ್ನು ಬಟ್ಟಲ ಬಳಿ ಎಸೆಯಿರಿ. ತಲೆಯೆತ್ತಿ ಬಾಲ ಆಡಿಸಿದರೆ ಸರಿ. ಬಟ್ಟಲ ಮೇಲೆ ಬಾಗಿ, ಗಬಗಬ ನುಂಗುತ್ತಾ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರಿದರೆ ಅದು ತಿನಿಸು ಕಾಯುವ ನಾಯಿ. ತರಬೇತಿಯಿಂದ ಸುಧಾರಿಸಬಹುದು, ಆದರೆ ಬಿಸ್ಕತ್ತು ಹಿಡಿದು ಅಂಬೆಗಾಲಿಡುವ ಮಗು ಇರುವ ಮನೆ ಆ ಕಲಿಕೆಯ ಜಾಗವಲ್ಲ.

ಎರಡನೇ ಭೇಟಿಗೆ ಮಕ್ಕಳು ಬರಲಿ. ಮಗು ಕುಳಿತಿರಲಿ, ನಾಯಿಯೇ ಬರಲಿ. ಈ ಹೊತ್ತಿನಲ್ಲಿ ನೋಡಬೇಕಾದ್ದು ನಾಯಿಯ ಬಾಲವನ್ನಲ್ಲ, ಮುಖವನ್ನು. ಮಗು ಕೊರಳು ತಬ್ಬಿಕೊಳ್ಳುತ್ತದೆ. ನಾಯಿ ಬಾಯಿ ಮುಚ್ಚುತ್ತದೆ. ಕತ್ತು ಆಚೆ ತಿರುಗುತ್ತದೆ, ಕಣ್ಣು ಮಾತ್ರ ಮಗುವಿನ ಕಡೆಗೇ ಇದ್ದು ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತದೆ. ನಾಲಿಗೆ ಒಮ್ಮೆ ಚಕ್ಕನೆ ಮೂಗಿನ ಮೇಲೆ ಹೋಗಿ ಬರುತ್ತದೆ, ನಿದ್ದೆ ಬಾರದಿದ್ದರೂ ಒಂದು ಆಕಳಿಕೆ. ಸುತ್ತ ನಿಂತವರು ‘ಎಷ್ಟು ತಾಳ್ಮೆ ನೋಡಿ’ ಎಂದು ಫೋಟೊ ತೆಗೆಯುತ್ತಿರುತ್ತಾರೆ. ನಾಯಿ ಅಷ್ಟೂ ಹೊತ್ತು ‘ಬಿಡಿಸಿ’ ಎಂದು ಕೇಳಿಕೊಳ್ಳುತ್ತಿದೆ. ಇಂಥ ಒಂದೆರಡು ಸೂಚನೆ ಕಂಡ ಮಾತ್ರಕ್ಕೆ ನಾಯಿಯನ್ನು ತಳ್ಳಿಹಾಕಬೇಕಿಲ್ಲ, ಮಗುವಿನ ಕೈ ಬಿಡಿಸಿ. ಬಿಡಿಸಿದ ಮೇಲೆ ಅದು ಮತ್ತೆ ತಾನಾಗಿ ಮಗುವಿನ ಹತ್ತಿರ ಬಂದರೆ ಅದು ಒಳ್ಳೆಯ ಲಕ್ಷಣ. ದೂರವೇ ಉಳಿದರೆ ಅದರ ಉತ್ತರ ಸಿಕ್ಕಿತು.

ಹಂತ 6: ಕಾಗದಪತ್ರ ಮತ್ತು ವೈದ್ಯರು

ಲಸಿಕೆ ಕಾರ್ಡಿನಲ್ಲಿ ದಿನಾಂಕ, ಲಸಿಕೆ ಸೀಸೆಯಿಂದ ತೆಗೆದು ಅಂಟಿಸಿದ ಚೀಟಿ, ಬ್ಯಾಚ್ ಸಂಖ್ಯೆ, ವೈದ್ಯರ ಸಹಿ ಮೊಹರು ಇರಬೇಕು. ಪಾರ್ವೋ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗಗಳ ಸಂಯುಕ್ತ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರ ದಾಟುವವರೆಗೆ ನಡೆಯಬೇಕು. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯಲ್ಲಿರುವ ತನಕ ಲಸಿಕೆ ಹಿಡಿಯುವುದಿಲ್ಲ, ಅದು ಯಾವಾಗ ಇಳಿಯುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ ಒಂದು ಚುಚ್ಚುಮದ್ದಿಗೆ ಮುಗಿಯುವುದಿಲ್ಲ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಹನ್ನೆರಡನೇ ವಾರದ ಮೇಲೆ, ಮತ್ತೆ ಒಂದು ವರ್ಷಕ್ಕೆ. ಏಳು ವಾರದ ಮರಿಯ ಕೈಯಲ್ಲಿ ‘ಎಲ್ಲ ಲಸಿಕೆ ಮುಗಿದಿದೆ’ ಎಂಬ ಕಾರ್ಡಿದ್ದರೆ ವಯಸ್ಸು ಸುಳ್ಳು, ಇಲ್ಲವೇ ಕಾರ್ಡು ಸುಳ್ಳು.

ಮರಿಗಳು ಹೊಟ್ಟೆಯಲ್ಲಿ ಜಂತುಹುಳ ಹೊತ್ತೇ ಹುಟ್ಟುವುದುಂಟು. ಎರಡನೇ ವಾರದಿಂದ ಎರಡು ವಾರಕ್ಕೊಮ್ಮೆ ಹುಳದ ಔಷಧಿ, ಮೂರು ತಿಂಗಳ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಈ ಹುಳದ ಮೊಟ್ಟೆ ಮಗುವಿನ ಬಾಯಿಗೆ ಹೋದರೆ ಕಣ್ಣಿಗೂ ಯಕೃತ್ತಿಗೂ ಕೇಡು ಮಾಡಬಲ್ಲದು. ಹೊರಬಿದ್ದ ಮೊಟ್ಟೆ ಸೋಂಕು ತರುವ ಸ್ಥಿತಿಗೆ ಬರಲು ವಾರಗಳು ಬೇಕು. ದಿನದಿನದ ಮಲವನ್ನು ಅದೇ ದಿನ ತೆಗೆದರೆ ಆ ಅಪಾಯ ಬಹುಪಾಲು ತಪ್ಪುತ್ತದೆ.

ಗುರುತಿಗಾಗಿ ಚರ್ಮದಡಿ ಹಾಕುವ ಮೈಕ್ರೋಚಿಪ್ ಇದ್ದರೆ ಅದರ 15 ಅಂಕಿಯ ಸಂಖ್ಯೆಯನ್ನು ಸ್ಕ್ಯಾನ್ ಮಾಡಿಸಿ ಕಾಗದದೊಂದಿಗೆ ಹೋಲಿಸಿ, ನೋಂದಣಿಯನ್ನು ನಿಮ್ಮ ಹೆಸರಿಗೆ ಬದಲಾಯಿಸಿ. ನಾಯಿ ಬಂದ ಎರಡು ಮೂರು ದಿನದೊಳಗೆ ನಿಮ್ಮದೇ ವೈದ್ಯರಿಗೆ ತೋರಿಸಿ: ಹೃದಯದ ಸದ್ದು, ಮಂಡಿಚಿಪ್ಪು, ಕಿವಿ, ಹಲ್ಲು, ಮಲಪರೀಕ್ಷೆ.

ಹಂತ 7: ಮನೆಗೆ ಬಂದ ಮೇಲೆ

ಸತತ ಮೂರು ದಿನ ರಜೆಯಿರುವಾಗ, ಬೆಳಿಗ್ಗೆ ಹೊತ್ತು ತನ್ನಿ. ಆಶ್ರಯಧಾಮದ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಕೆಲವು ದಿನಗಳಲ್ಲಿ, ಕಾರಿನ ಬಾಗಿಲು ಅಥವಾ ಮನೆಯ ಬಾಗಿಲು ತೆರೆದ ಕ್ಷಣದಲ್ಲಿ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಎಳೆದುಕೊಳ್ಳುತ್ತದೆ. ಕೊರಳಪಟ್ಟಿಗೊಂದು, ಎದೆಗೆ ಕಟ್ಟುವ ಹಾರ್ನೆಸ್‌ಗೊಂದು ಹೀಗೆ ಎರಡು ಹಗ್ಗ ಹಾಕಿ ಹಿಡಿಯಿರಿ. ಕೊರಳಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟೇ ಸಡಿಲವಿರಲಿ.

ಮಗು ದಾಟಲಾರದ ಗೇಟು ಹಾಕಿದ ಒಂದು ಮೂಲೆಯನ್ನೋ ಕೋಣೆಯನ್ನೋ ನಾಯಿಗೆ ಬಿಟ್ಟುಕೊಡಿ. ಅಲ್ಲಿ ಅದು ಮಲಗಿದ್ದಾಗ ಯಾರೂ ಹೋಗುವಂತಿಲ್ಲ. ಮನೆಯಲ್ಲಿ ಈ ಒಂದು ನಿಯಮ ಗಟ್ಟಿಯಾದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ. ಮೊದಲ ರಾತ್ರಿಗಳಲ್ಲಿ ಅದರ ಹಾಸಿಗೆ ದೊಡ್ಡವರು ಮಲಗುವ ಕಡೆಗೇ ಇರಲಿ, ದೂರದಲ್ಲಿ ಕಟ್ಟಿದರೆ ಅಳುತ್ತದೆ. ಹಿಂದೆ ತಿನ್ನುತ್ತಿದ್ದ ಆಹಾರವನ್ನೇ ಮುಂದುವರಿಸಿ, ಬದಲಿಸಬೇಕೆಂದರೆ ಏಳರಿಂದ ಹತ್ತು ದಿನದಲ್ಲಿ ಕಾಲು, ಅರ್ಧ, ಮುಕ್ಕಾಲು ಎಂದು ಬೆರೆಸುತ್ತಾ ಬದಲಿಸಿ. ಒಮ್ಮೆಲೇ ಬದಲಿಸಿದರೆ ಭೇದಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುವ ಚ್ಯೂಯಿಂಗ್ ಗಮ್, ಮನುಷ್ಯರ ನೋವಿನ ಮಾತ್ರೆ ಇವು ನಾಯಿಗೆ ವಿಷ ಎಂದು ಮಕ್ಕಳಿಗೂ ತಿಳಿಸಿ.

ಹೊಂದಿಕೊಳ್ಳಲು ಸುಮಾರಾಗಿ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ನಾಯಿ ಕೊಡುವವರಲ್ಲಿ ರೂಢಿಯಲ್ಲಿದೆ. ಮೂರು ದಿನ ದಿಗಿಲು, ಮೂರು ವಾರಕ್ಕೆ ದಿನಚರಿ ಅರ್ಥವಾಗುತ್ತದೆ, ಮೂರು ತಿಂಗಳಿಗೆ ಇದು ತನ್ನ ಮನೆ ಎನಿಸುತ್ತದೆ. ಮೂರನೇ ವಾರದಲ್ಲಿ ಹೊಸದಾಗಿ ಬೊಗಳಲು, ತಿನಿಸು ಕಾಯಲು ಶುರುಮಾಡಿದರೆ ನಾಯಿ ಕೆಟ್ಟಿತೆಂದು ಗಾಬರಿಯಾಗಬೇಡಿ, ಧೈರ್ಯ ಬಂದು ತನ್ನನ್ನು ತೋರಿಸಿಕೊಳ್ಳುತ್ತಿದೆ. ತರಬೇತುದಾರರನ್ನು ಕರೆಸಲು ಅದೇ ಸರಿಯಾದ ಸಮಯ.

ಮಕ್ಕಳಿಗೆ ನಿಯಮ ಕಡಿಮೆ ಇರಲಿ, ಸಡಿಲಿಕೆ ಇಲ್ಲದಿರಲಿ. ತಿನ್ನುವಾಗ, ಮಲಗಿದಾಗ, ಏನನ್ನಾದರೂ ಅಗಿಯುವಾಗ ಮುಟ್ಟಬಾರದು. ತಬ್ಬಬಾರದು, ಮುಖಕ್ಕೆ ಮುಖ ತರಬಾರದು, ಬೆನ್ನೇರಬಾರದು. ಹತ್ತಿರ ಬೇಕೆಂದರೆ ಕುಳಿತು ಕರೆಯಬೇಕು, ಬಾರದಿದ್ದರೆ ಬಿಡಬೇಕು. ನಾಯಿ ಮೈಮೇಲೆ ಹಾರಿದರೆ ಕೈಕಟ್ಟಿ, ನೆಲ ನೋಡುತ್ತಾ ಮರದಂತೆ ನಿಲ್ಲಬೇಕು. ಇದನ್ನು ನಾಯಿ ಬರುವ ಮೊದಲೇ ಆಟದ ಹಾಗೆ ಹತ್ತಾರು ಸಲ ಆಡಿಸಿ. ಐದಾರು ವರ್ಷದೊಳಗಿನ ಮಗುವನ್ನೂ ನಾಯಿಯನ್ನೂ, ಎಷ್ಟೇ ನಂಬಿಕೆಯಿದ್ದರೂ, ಇಬ್ಬರನ್ನೇ ಬಿಟ್ಟು ಫೋನ್ ತೆಗೆದುಕೊಳ್ಳಲು ಪಕ್ಕದ ಕೋಣೆಗೂ ಹೋಗಬೇಡಿ. ಚಿಕ್ಕ ಮಕ್ಕಳಿಗೆ ಆಗುವ ಕಡಿತಗಳಲ್ಲಿ ಹೆಚ್ಚಿನವು ಪರಿಚಯದ ನಾಯಿಯಿಂದ, ಮನೆಯೊಳಗೇ ಆಗುತ್ತವೆ.

ಹಲ್ಲು ತಾಗಿ ಚರ್ಮ ತರಚಿದರೂ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ. ಮರಿ ತಾನೇ, ಲಸಿಕೆ ಆಗಿದೆ ತಾನೇ ಎಂದು ಕಾಯಬೇಡಿ.

ಗುರುಗುಟ್ಟಿದರೆ, ಹೊಂದಿಕೆಯಾಗದಿದ್ದರೆ

ನಾಯಿ ಗುರುಗುಟ್ಟಿದರೆ ಬೈಯಬೇಡಿ, ಹೊಡೆಯಲೇಬೇಡಿ. ಗುರುಗುಟ್ಟುವುದು ಕಚ್ಚುವ ಮೊದಲಿನ ಎಚ್ಚರಿಕೆ. ಅದಕ್ಕೆ ಶಿಕ್ಷೆ ಕೊಟ್ಟರೆ ಎಚ್ಚರಿಕೆ ನಿಲ್ಲುತ್ತದೆ, ಕಾರಣ ಹಾಗೇ ಉಳಿಯುತ್ತದೆ, ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಮಗುವನ್ನು ಶಾಂತವಾಗಿ ದೂರ ಸರಿಸಿ. ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಎಷ್ಟು ದೂರದಲ್ಲಿದ್ದರು, ನಾಯಿಯ ಬಾಯಲ್ಲಿ ಅಥವಾ ಹತ್ತಿರ ಏನಿತ್ತು ಎಂದು ಬರೆದಿಡಿ. ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ ಮೊದಲು ವೈದ್ಯರಿಗೆ ತೋರಿಸಿ: ಕಿವಿಯ ಸೋಂಕು, ಹಲ್ಲುನೋವು, ಸೊಂಟದ ನೋವು ಇದ್ದರೆ ಎಂಥ ಸಾಧು ನಾಯಿಯೂ ಮುಟ್ಟಿಸಿಕೊಳ್ಳದು. ನೋವಿಲ್ಲವೆಂದು ಖಾತ್ರಿಯಾದ ಮೇಲೆ, ಹೊಡೆಯದೆ ಕಲಿಸುವ ತರಬೇತುದಾರರಿಗೆ ಆ ಟಿಪ್ಪಣಿಯನ್ನು ಕೊಡಿ.

ಎಲ್ಲ ಮಾಡಿದರೂ ನಾಯಿ ಮಗುವನ್ನು ಕಂಡಾಗಲೆಲ್ಲ ಸೆಟೆಯುತ್ತಿದ್ದರೆ, ಅಥವಾ ಮಗು ತನ್ನ ಮನೆಯಲ್ಲೇ ಹೆದರಿ ಓಡಾಡುತ್ತಿದ್ದರೆ, ತಂದಲ್ಲಿಗೇ ಮರಳಿಸುವ ಮಾತನ್ನು ಬೇಗ ಆಡಿ. ಬೀದಿಯಲ್ಲಿ ಬಿಡುವುದು, ವಿಷಯ ಮುಚ್ಚಿಟ್ಟು ಬೇರೆಯವರಿಗೆ ದಾಟಿಸುವುದು ಎರಡೂ ನಾಯಿಗೂ ಮುಂದಿನ ಮನೆಗೂ ಮಾಡುವ ದ್ರೋಹ. ಒಯ್ಯುವಾಗ ಲಸಿಕೆ ಕಾರ್ಡಿನ ಜೊತೆ ಒಂದು ಪುಟ ಬರೆದುಕೊಡಿ: ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಯಾವ ವಯಸ್ಸಿನವರ ಜೊತೆ ಹಾಯಾಗಿರುತ್ತದೆ, ಯಾವಾಗ ಗುರುಗುಟ್ಟಿತು. ಮಕ್ಕಳಿಲ್ಲದ ಮನೆಯೊಂದು ಆ ಪುಟ ಓದಿ ಅದೇ ನಾಯಿಯನ್ನು ನೆಮ್ಮದಿಯಿಂದ ಕರೆದೊಯ್ಯಬಹುದು.